ಹದಿನೈದು ನಿಮಿಷದ ತ್ಯಾಗ

ತ್ಯಾಗರಾಜನಗರಕ್ಕೆ ಸಲ್ಲಬೇಕಾದ ಕೀರ್ತಿ ಇನ್ನೂ ಸಂದಿಲ್ಲ. ಪಕ್ಕದ ಬಸವನಗುಡಿಗೆ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇದೆ. ಗಾಂಧಿಬಜಾರಿಗೆ 1943ರಿಂದ ವಿದ್ಯಾರ್ಥಿ ಭವನದ ದೋಸೆ ಇದೆ. ಜಯನಗರಕ್ಕೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಇದೆ, ಬನಶಂಕರಿಗೆ ಸಾಕ್ಷಾತ್ ಅಮ್ಮನವರೇ ಇದ್ದಾರೆ. ಇವುಗಳ ನಡುವೆ ಸಿಕ್ಕಿಕೊಂಡ ನಿಮಗೇನಿದೆ ಎಂದು ಕೇಳುವವರು ಹಗಲು ಹೊತ್ತು ಬಂದು ನೋಡಿ ಹೋದವರು. ರಾತ್ರಿ ಮೂರು ಗಂಟೆಗೆ ಬರಬೇಕು. ಒಂದೊಂದು ರಸ್ತೆಯಲ್ಲೂ ಎರಡೋ ಮೂರೋ ಕಿಟಕಿಗಳಲ್ಲಿ ಸಣ್ಣ ಬಲ್ಬು ಉರಿಯುತ್ತಿರುತ್ತದೆ. ಪರದೆಯ ಹಿಂದೆ ಒಂದು ಆಕೃತಿ ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಿರುತ್ತದೆ, ಅದರ ಹೆಗಲ ಮೇಲೆ ಒಂದು ಗಂಟು. ಸಿಇಟಿಗೆ ಓದುವ ಹುಡುಗರು ದೀಪ ಆರಿಸಿ ಮಲಗಿದ ಮೇಲೂ ಆ ದೀಪ ಆರುವುದಿಲ್ಲ. ಎಳೆಮಕ್ಕಳ ಅಪ್ಪ ಅಮ್ಮಂದಿರ ಈ ಜಾಗರಣೆಯೇ ನಮ್ಮ ಬಡಾವಣೆಯ ಹೆಮ್ಮೆ. ಇದನ್ನು ಯಾರೂ ಬಾಯಿ ತುಂಬ ಹೊಗಳುತ್ತಿಲ್ಲವಲ್ಲ ಎಂಬ ಸಂಕಟದಿಂದ ಆ ಕೆಲಸಕ್ಕೆ ನಾನೇ ಕೈಹಾಕಿದ್ದೇನೆ. ನಿನಗೇನು ಅರ್ಹತೆ ಎನ್ನುವವರಿಗೆ ಒಂದು ಮಾತು: ನನಗೆ ಎರಡು ಮಕ್ಕಳು. ಹಿರಿಯವಳಿಗೆ ನಾಲ್ಕು ವರ್ಷ, ಕಿರಿಯವನಿಗೆ ಎಂಟು ತಿಂಗಳು.

ನಮ್ಮಲ್ಲಿ ಜಾಗರಣೆಗಿರುವ ಬೆಲೆ ಗೊತ್ತಿರುವುದೇ. ಶಿವರಾತ್ರಿಯ ಕಥೆಯ ಬೇಡ ಭಕ್ತಿಯಿಂದೇನೂ ಎಚ್ಚರವಿರಲಿಲ್ಲ. ಹುಲಿಗೆ ಹೆದರಿ ಬಿಲ್ವದ ಮರ ಹತ್ತಿದ, ತೂಕಡಿಸಿ ಬಿದ್ದುಬಿಟ್ಟೇನೆಂದು ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದ. ಅಷ್ಟಕ್ಕೇ ಕೈಲಾಸ. ಅದೂ ಒಂದೇ ರಾತ್ರಿಯ ಕೆಲಸಕ್ಕೆ. ಎಳೆಕೂಸಿನ ಮನೆಯಲ್ಲಿ ವರ್ಷದ 365 ರಾತ್ರಿಯೂ ಶಿವರಾತ್ರಿಯೇ. ಶಿವನಿಗೆ ನಾಲ್ಕು ಯಾಮದ ಪೂಜೆ. ನಮ್ಮ ಮನೆಯ ದೇವರಿಗೂ ಹತ್ತೂವರೆ, ಒಂದು, ಮೂರು, ಐದು ಎಂದು ನಾಲ್ಕೇ. ಕ್ಷೀರಾಭಿಷೇಕವನ್ನು ಮಾತ್ರ ಇಲ್ಲಿ ದೇವರೇ ಭಕ್ತರ ಹೆಗಲಿಗೆ ಮಾಡುತ್ತಾನೆ. ಇಷ್ಟು ಪುಣ್ಯ ಮನೆ ಬಾಗಿಲಿಗೆ ಬಂದು ಬೀಳುತ್ತಿರುವಾಗ ಕೆಲವರು ಕಣ್ಣಿನ ಕೆಳಗಿನ ಕಪ್ಪನ್ನು ಕನ್ನಡಿಯಲ್ಲಿ ನೋಡಿಕೊಂಡು ನಿಟ್ಟುಸಿರು ಬಿಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮಗು ನಿದ್ದೆಯನ್ನೇ ಮಾಡುವುದಿಲ್ಲ ಎನ್ನುವುದು ಶುದ್ಧ ಅಪವಾದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳವರೆಗಿನ ಕೂಸು ದಿನಕ್ಕೆ 14ರಿಂದ 17 ಗಂಟೆ, ಆಮೇಲೆ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ ಮಲಗಬೇಕು. ಕೂಡಿಸಿ ನೋಡಿದರೆ ನಮ್ಮವನು ಅಷ್ಟನ್ನೂ ಮಲಗುತ್ತಾನೆ. ಕಂತಿನಲ್ಲಿ ಮಲಗುತ್ತಾನೆ, ಅಷ್ಟೆ. ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಭೇದವಿಲ್ಲ. ಮೈಯೊಳಗಿನ ಗಡಿಯಾರ ನಡೆಯಲು ಶುರುವಾಗುವುದಕ್ಕೇ ಎರಡು ಮೂರು ತಿಂಗಳು ಬೇಕು. ಹೊಟ್ಟೆ ಚಿಕ್ಕದು, ತಾಯಿಹಾಲು ಬೇಗ ಅರಗುತ್ತದೆ, ಎರಡು ಮೂರು ಗಂಟೆಗೊಮ್ಮೆ ಹಸಿವು. ಭೇದಬುದ್ಧಿ ಅಳಿಯಲೆಂದು ದೊಡ್ಡವರು ಹಿಮಾಲಯಕ್ಕೆ ಹೋಗುತ್ತಾರೆ. ಇವನು ಅದನ್ನು ಹುಟ್ಟುವಾಗಲೇ ಪಡೆದು ಬಂದಿದ್ದಾನೆ.

ಹಿರಿಯವಳದು ಇನ್ನೂ ಪಕ್ವವಾದ ಸಾಧನೆ. ಸ್ಕೂಲಿರುವ ದಿನ ಎಷ್ಟು ಕೂಗಿದರೂ ಏಳದವಳು ಭಾನುವಾರ ಐದೂಕಾಲಿಗೆ ಎದ್ದು ಕೂತು, ಅಮ್ಮನ ಕಣ್ಣಿನ ರೆಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಅಮ್ಮಾ, ಡೈನೋಸಾರ್‌ಗೆ ಹಲ್ಲು ಉಜ್ಜೋರು ಯಾರು?’ ಎಂದು ಕೇಳುತ್ತಾಳೆ. ರಾತ್ರಿ ಮಲಗುವ ಮುಂಚೆ ನೀರು, ಸುಸ್ಸು, ಕಥೆ, ಮತ್ತೆ ನೀರು, ಆದ್ದರಿಂದ ಮತ್ತೆ ಸುಸ್ಸು. ಪ್ರಶ್ನೆಗಳನ್ನು ಅವಳು ಅಮ್ಮನಿಗೇ ಕೇಳುವುದನ್ನು ಗಮನಿಸಿ. ಉತ್ತರ ಯಾರಿಗೆ ಗೊತ್ತಿದೆ ಎಂದು ಮಕ್ಕಳಿಗೆ ತಿಳಿಯುತ್ತದೆ.

ಕಾನೂನು ಕೂಡ ಮಕ್ಕಳ ಪರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು 45 ಡೆಸಿಬಲ್ ದಾಟುವಂತಿಲ್ಲ. ಗಣೇಶನ ಪೆಂಡಾಲಿನವರೇ ಆಗಲಿ, ಛತ್ರದ ಆರ್ಕೆಸ್ಟ್ರಾದವರೇ ಆಗಲಿ, ಹತ್ತಾಯಿತೆಂದರೆ ಮೈಕು ಆರಿಸಬೇಕು. ಕೂಸಿನ ಅಳು ಎತ್ತಿಕೊಂಡವರ ಕಿವಿಯ ಬಳಿ ನೂರು ಡೆಸಿಬಲ್ ಮುಟ್ಟುತ್ತದೆ. ಇದಕ್ಕೆ ಠಾಣೆಯ ಅನುಮತಿ ಬೇಡ, ಚಂದಾ ರಸೀದಿ ಬೇಡ, ಯಾವ ಇನ್ಸ್‌ಪೆಕ್ಟರೂ ಬಂದು ಪ್ಲಗ್ ಕೀಳಲಾರ. ಇಂಥ ಕಲಾಸ್ವಾತಂತ್ರ್ಯ ಈ ಊರಿನಲ್ಲಿ ಬೇರೆ ಯಾರಿಗೂ ಉಳಿದಿಲ್ಲ.

‘ಮಗು ಮಲಗಿದಾಗ ನೀವೂ ಮಲಗಿಬಿಡಿ’ ಎಂದು ಎಲ್ಲ ಡಾಕ್ಟರುಗಳೂ ಬಾಣಂತಿಗೆ ಹೇಳುತ್ತಾರೆ. ಒಳ್ಳೆಯ ಮಾತು. ಮಗು ಬೆಳಗ್ಗೆ ಹನ್ನೊಂದಕ್ಕೆ ಮಲಗುತ್ತದೆ. ತ್ಯಾಗರಾಜನಗರ ಏಳುವುದೂ ಆಗಲೇ. ನಮ್ಮ ಹಿಂದಿನ ಬೀದಿಯ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಎತ್ತುತ್ತಿದ್ದಾರೆ, ಗ್ರಾನೈಟ್ ಕೊಯ್ಯುವ ಯಂತ್ರ ಸರಿಯಾಗಿ ಹನ್ನೊಂದಕ್ಕೆ ಕೊಯ್ಯಲು ಶುರು ಮಾಡುತ್ತದೆ. ಅದು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಳೇ ಪೇಪರಿನವನ ಕೂಗು. ಎದುರು ಮನೆಯ ಕುಕ್ಕರ್ ಏಳು ಸಲ ಕೂಗುತ್ತದೆ. ಅವರು ಏನು ಬೇಯಿಸುತ್ತಾರೋ, ಕೇಳಬೇಕು. ಕೊನೆಗೆ ಕೊರಿಯರ್ ಹುಡುಗ ಬಂದು ನಮ್ಮ ಕರೆಗಂಟೆ ಒತ್ತುತ್ತಾನೆ. ಅದು ಗಾಯತ್ರಿ ಮಂತ್ರ ಹಾಡುವ ಕರೆಗಂಟೆ. ಒಮ್ಮೆ ಶುರುವಾದರೆ ಮಂತ್ರ ಮುಗಿಯುವವರೆಗೂ ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸುವುದು ಶ್ರೇಯಸ್ಸೂ ಅಲ್ಲ. ಅದನ್ನು ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟವರು ನನ್ನ ಚಿಕ್ಕಪ್ಪ, ಆದ್ದರಿಂದ ತೆಗೆಸುವ ಪ್ರಶ್ನೆಯೇ ಇಲ್ಲ ಎಂದು ನನ್ನ ಹೆಂಡತಿಗೆ ಸಮಾಧಾನವಾಗಿ ವಿವರಿಸಿದ್ದೇನೆ.

ನೆರೆಹೊರೆಯ ಉಪಕಾರ ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ಮಹಡಿ ಮನೆಯ ಅಜ್ಜಿ ‘ಬಜೆ ತೇಯ್ದು ನೆಕ್ಕಿಸಮ್ಮ’ ಎಂದರೆ, ಪಕ್ಕದ ಮನೆ ಆಂಟಿ ‘ಹೊಕ್ಕಳ ಸುತ್ತ ಹಿಂಗು ಹಚ್ಚಿ, ಗ್ಯಾಸು’ ಎನ್ನುತ್ತಾರೆ. ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಎನ್ನುವವರು ಬೇರೆ. ಮಕ್ಕಳ ಡಾಕ್ಟರೋ, ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಒಂದು ಚಮಚ ನೀರೂ ಬೇಡ ಎಂದಿದ್ದರು. ಈ ಎರಡು ಪಕ್ಷಗಳ ನಡುವೆ ನನ್ನ ಹೆಂಡತಿ ಸೊಂಟದ ಮೇಲೆ ಮಗು ಹೊತ್ತು ನಿಂತು ಇಬ್ಬರಿಗೂ ‘ಹೂಂ’ ಎನ್ನುತ್ತಿದ್ದಳು. ಅಜ್ಜಿಯ ಪಕ್ಷದಲ್ಲಿ ಗ್ರೈಪ್ ವಾಟರ್ ಕೂಡ ಇದೆ. ‘ನಮ್ಮ ಕಾಲದಲ್ಲಿ ಎರಡು ಚಮಚ ಹಾಕಿದ್ರೆ ಬೆಳಗಿನವರೆಗೂ ಉಸಿರೆತ್ತುತ್ತಿರಲಿಲ್ಲ’ ಎಂದು ಅವರು ಹೇಳುವುದರಲ್ಲಿ ಸತ್ಯಾಂಶವಿದೆ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಅದನ್ನು ತಯಾರಿಸಿದಾಗ ಅದರಲ್ಲಿ ಸೋಡಾ, ಸಬ್ಬಸಿಗೆ ಎಣ್ಣೆ, ಸಕ್ಕರೆಯ ಜೊತೆ ಆಲ್ಕೋಹಾಲೂ ಇತ್ತು. ಅದನ್ನು ತೆಗೆದುಹಾಕಿದ್ದು ಎಷ್ಟೋ ಕಾಲದ ಮೇಲೆ. ಹಿಂದಿನ ಮಕ್ಕಳು ಈಗಿನವರಿಗಿಂತ ಶಾಂತಸ್ವಭಾವದವರು ಎಂಬ ಮಾತನ್ನು ನಾನು ಇದು ತಿಳಿದಂದಿನಿಂದ ಗೌರವದಿಂದ ಕೇಳುತ್ತೇನೆ.

ವಿದೇಶಿ ವಿದ್ಯೆಯನ್ನೂ ಬಿಟ್ಟಿಲ್ಲ. ಬಾಸ್ಟನ್ನಿನ ಡಾಕ್ಟರ್ ರಿಚರ್ಡ್ ಫರ್ಬರ್ 1985ರಲ್ಲಿ ಒಂದು ಪುಸ್ತಕ ಬರೆದರು. ಮಗುವನ್ನು ಎಚ್ಚರವಿರುವಾಗಲೇ ತೊಟ್ಟಿಲಲ್ಲಿ ಮಲಗಿಸಿ ಹೊರಗೆ ಬನ್ನಿ, ಅತ್ತರೆ ಕೆಲವು ನಿಮಿಷ ಬಿಟ್ಟು ಹೋಗಿ ಸಮಾಧಾನ ಮಾಡಿ, ಮುಂದಿನ ಸಲ ಇನ್ನಷ್ಟು ಹೊತ್ತು ಬಿಟ್ಟು ಹೋಗಿ; ಹೀಗೆ ಮಗು ತಾನೇ ಮಲಗುವುದನ್ನು ಕಲಿಯುತ್ತದೆ ಎಂಬುದು ಅದರ ಸಾರ. ಬಾಸ್ಟನ್ನಿನಲ್ಲಿ ಕಲಿಯುತ್ತದೆ. ಇಲ್ಲಿ ಎರಡನೇ ನಿಮಿಷಕ್ಕೆ ಮಹಡಿಯ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮೂರನೇ ನಿಮಿಷಕ್ಕೆ ಗಾಯತ್ರಿ ಮಂತ್ರ. ನಾಲ್ಕನೆಯದಕ್ಕೆ ತಿಪಟೂರಿನಿಂದ ಅತ್ತೆಯ ಫೋನು: ‘ಮಗೂನ ಯಾಕೆ ಅಳಿಸ್ತಿದೀರಂತೆ?’ ಫರ್ಬರ್ ಅವರು ತಮ್ಮ ಪುಸ್ತಕದಲ್ಲಿ ಮಹಡಿ ಮನೆಯ ಅಜ್ಜಿಗೊಂದು ಅಧ್ಯಾಯ ಮೀಸಲಿಡಬೇಕಿತ್ತು. ನಾವು ದುಡ್ಡು ಕೊಟ್ಟು ತಂದ ಮರದ ಕಾಟಿನಲ್ಲಿ ಈಗ ಮಡಿಸಬೇಕಾದ ಬಟ್ಟೆಗಳು ನೆಮ್ಮದಿಯಾಗಿ ಮಲಗಿವೆ. ಸೀರೆಯ ಜೋಲಿ ಕಟ್ಟೋಣವೆಂದರೆ ಸೂರಿನಲ್ಲಿ ಕೊಂಡಿಯಿಲ್ಲ, ಪಿಒಪಿ ಇದೆ. ಆದ್ದರಿಂದ ಜೋಲಿಯ ಕೆಲಸವನ್ನು ನನ್ನ ಹೆಂಡತಿಯ ತೋಳು ಮಾಡುತ್ತಿದೆ.

ಇನ್ನು ತಂದೆಯರ ವಿಷಯ. ಇದನ್ನು ನಾನೇ ಬರೆಯುವುದು ಚೆನ್ನಲ್ಲ. ಆದರೆ ವಿಜ್ಞಾನ ಬರೆದಿಟ್ಟಿರುವಾಗ ಮುಚ್ಚಿಡುವುದೂ ಸರಿಯಲ್ಲ. ಜರ್ಮನಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ತಂದೆ ತಾಯಂದಿರ ನಿದ್ದೆಯನ್ನು ವರ್ಷಗಟ್ಟಲೆ ಲೆಕ್ಕ ಇಟ್ಟ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ತಾಯಿಯ ನಿದ್ದೆ ದಿನಕ್ಕೆ ಸುಮಾರು ಒಂದು ಗಂಟೆ ಕಡಿಮೆಯಾಗುತ್ತದೆ. ತಂದೆಯದು ಸುಮಾರು 15 ನಿಮಿಷ. ಮೊದಲ ಮಗು ಹುಟ್ಟಿ ಆರು ವರ್ಷವಾದರೂ ಇಬ್ಬರದೂ ಹಳೆಯ ಹದಕ್ಕೆ ಪೂರ್ತಿ ಮರಳಿರುವುದಿಲ್ಲ.

ಹದಿನೈದು ನಿಮಿಷ! ಓದಿದಾಗ ನನಗೆ ಗಂಟಲು ಕಟ್ಟಿತು. ಹದಿನೈದು ನಿಮಿಷವೆಂದರೆ ಸಾಮಾನ್ಯವೆ? ಅಷ್ಟರಲ್ಲಿ ಬ್ರಾಹ್ಮಣರ ಕಾಫಿ ಬಾರಿನಲ್ಲಿ ನಿಂತುಕೊಂಡೇ ಎರಡು ಇಡ್ಲಿ, ಒಂದು ವಡೆ, ಮೇಲಿಂದ ಎರಡು ಸಲ ಚಟ್ನಿ ಹಾಕಿಸಿಕೊಂಡು ಒಂದು ಕಾಫಿಯನ್ನೂ ಮುಗಿಸಬಹುದು. ವರ್ಷಕ್ಕೆ ಗುಣಿಸಿದರೆ 91 ಗಂಟೆಯ ಮೇಲಾಯಿತು. ಹೆಚ್ಚುಕಡಿಮೆ ನಾಲ್ಕು ದಿನ ನಾಲ್ಕು ರಾತ್ರಿ! ಗಂಡಸರು ಇಷ್ಟೊಂದು ಕೊಟ್ಟೂ ಒಂದು ದಿನ ಹೇಳಿಕೊಂಡವರಲ್ಲ. ತಾಯಂದಿರ ಲೆಕ್ಕವನ್ನು ಗುಣಿಸಲು ಹೋಗಲಿಲ್ಲ. ಅವರು ಲೆಕ್ಕ ಇಡುವವರಲ್ಲ, ಅದೇ ಅವರ ದೊಡ್ಡತನ.

ನಮ್ಮ ಸರ್ಕಾರವೂ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ದಿನವೊಂದರಲ್ಲಿ ಮನೆಯವರ ಆರೈಕೆಗೆ ಕೈಹಾಕಿದ ಗಂಡಸರು ನೂರಕ್ಕೆ 14, ಹೆಂಗಸರು ನೂರಕ್ಕೆ 27ಕ್ಕೂ ಹೆಚ್ಚು. ಕೈಹಾಕಿದವರಲ್ಲಿ ಗಂಡಸರು ಕೊಟ್ಟ ಸಮಯ ಸರಾಸರಿ 76 ನಿಮಿಷ, ಹೆಂಗಸರದು 134. ನಾನು ಆ ಹದಿನಾಲ್ಕರಲ್ಲಿ ಒಬ್ಬ ಎಂದು ವಿನಯದಿಂದ ತಿಳಿಸುತ್ತೇನೆ. ಮಗು ಅಳುವಾಗ ಏಕೆ ಅಳುತ್ತಿರಬಹುದು ಎಂದು ಹೆಂಡತಿಯನ್ನು ವಿಚಾರಿಸುವುದನ್ನೂ ಆರೈಕೆಯಲ್ಲಿ ಸೇರಿಸಿದರೆ 76 ನಿಮಿಷವನ್ನು ನಾನು ಸುಲಭವಾಗಿ ದಾಟುತ್ತೇನೆ.

ತಂದೆಯ ನಿಜವಾದ ಪರಿಶ್ರಮ ಇರುವುದು ಅವನು ಎಚ್ಚರವಾಗಿಲ್ಲದಂತೆ ಕಾಣುವ ವೇಳೆಯಲ್ಲಿ. ಈ ವಿದ್ಯೆಯನ್ನು ಯಾರೂ ಹೇಳಿಕೊಡುವುದಿಲ್ಲ, ನನ್ನಂಥವರು ಕಷ್ಟಪಟ್ಟು ಕಲಿತಿದ್ದನ್ನು ಮುಂದಿನವರಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ರಾತ್ರಿ ಮೂರರ ಅಳು ಅಳುವಾಗಿಯೇ ಬರುವುದಿಲ್ಲ. ಮೊದಲು ಕುಂಯ್ ಎಂಬ ಒಂದು ದನಿ, ಕಾಲು ಒದೆದ ಸದ್ದು, ಹೊದಿಕೆ ಸರಿದ ಸದ್ದು. ಇಲ್ಲಿಂದ ಪೂರ್ಣಪ್ರಮಾಣದ ಅಳುವಿಗೆ ಅರ್ಧ ನಿಮಿಷ ಇರುತ್ತದೆ. ಅನನುಭವಿ ಗಂಡ ಈ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು ಕೆಡುತ್ತಾನೆ. ಕತ್ತಲಲ್ಲಿ ಹೆಂಡತಿಯ ಕಣ್ಣಿಗೆ ಅವನ ಕಣ್ಣು ಸಿಕ್ಕಿತೋ, ಮುಗಿಯಿತು, ಇಬ್ಬರ ನಿದ್ದೆಯೂ ಹಾಳು. ಪಳಗಿದವನು ಉಸಿರನ್ನು ಒಂದೇ ಲಯದಲ್ಲಿ ಬಿಡುತ್ತಾನೆ. ಗೊರಕೆ ಹೊಡೆಯಬಹುದು, ಆದರೆ ತೀರ ಕ್ರಮಬದ್ಧವಾಗಿ ಹೊಡೆದರೆ ಸಂಶಯ ಬರುತ್ತದೆ. ನಡುನಡುವೆ ಒಂದೆರಡು ಮಾತ್ರೆ ತಪ್ಪಬೇಕು. ಮಗ್ಗುಲು ಬದಲಿಸುವುದಾದರೆ ಗೋಡೆಯ ಕಡೆಗೆ. ಆಕೆ ಎದ್ದು ನಿಂತು, ಮಗುವನ್ನು ಎತ್ತಿಕೊಂಡು, ಎರಡು ಹೆಜ್ಜೆ ಇಟ್ಟ ಮೇಲೆ, ಅದಕ್ಕೆ ಮುಂಚೆ ಖಂಡಿತ ಅಲ್ಲ, ‘ಊಂ... ಏನಾಯ್ತು? ನಾನು ಎತ್ಕೊಳ್ಳಲಾ?’ ಎಂದು ನಿದ್ದೆಗಣ್ಣಿನ ದನಿಯಲ್ಲಿ ಕೇಳಬೇಕು. ‘ಬೇಡ ರೀ, ನೀವು ಮಲಗಿ, ಬೆಳಗ್ಗೆ ಆಫೀಸಿದೆ’ ಎಂಬ ಉತ್ತರ ಬರುತ್ತದೆ. ಬೆಳಗ್ಗೆ ಅವಳಿಗೂ ಆಫೀಸಿದೆ. ಆ ಹೊತ್ತಿನಲ್ಲಿ ಅದನ್ನೆಲ್ಲ ಎತ್ತುವುದು ಒಳ್ಳೆಯದಲ್ಲ.

ಹೀಗೆ ಕಣ್ಣು ಮುಚ್ಚಿಕೊಂಡು ನಾನು ಕಂಡಿರುವಷ್ಟು ರಾತ್ರಿಯನ್ನು ಕಣ್ಣು ಬಿಟ್ಟವರೂ ಕಂಡಿರಲಾರರು. ಅವಳು ಕಾಲ್ಗೆಜ್ಜೆ ಬಿಚ್ಚಿಟ್ಟು ತಿಂಗಳುಗಳಾದವು, ಬರಿಗಾಲಿನ ಸದ್ದು ಹಾಲಿನವರೆಗೆ ಹೋಗಿ ತಿರುಗಿ ಬರುವುದು ಗೊತ್ತಾಗುತ್ತದೆ. ಬೆನ್ನು ತಟ್ಟುವ ಸದ್ದು, ಬಹಳ ಹೊತ್ತಿನ ಮೇಲೆ ಒಂದು ಪುಟ್ಟ ತೇಗು. ಪುರಂದರದಾಸರ ಜೋಗುಳವೊಂದನ್ನು ಗುನುಗುತ್ತಾಳೆ, ಎರಡನೇ ನುಡಿ ಮರೆತು ಮೊದಲನೆಯದನ್ನೇ ತಿರುಗಿಸುತ್ತಾಳೆ. ಆಮೇಲೆ ಕೆಳಗಿಳಿಸುವ ಘಟ್ಟ. ಮೊದಲು ಅಂಡು ಹಾಸಿಗೆಗೆ ತಾಕಬೇಕು, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆಯ ಕೆಳಗಿನ ಅಂಗೈಯನ್ನು ಒಂದೊಂದೇ ಬೆರಳಾಗಿ ಎಳೆದುಕೊಳ್ಳಬೇಕು. ಅವಳು ಕಿರುಬೆರಳಿನವರೆಗೂ ತಪ್ಪದೆ ಬರುತ್ತಾಳೆ. ನಂತರ ಎದ್ದು ನಿಲ್ಲುವಾಗ ಮಂಡಿ ‘ಟಕ್’ ಎನ್ನುತ್ತದೆ. ಮಗು ಕಣ್ಣು ಬಿಡುತ್ತದೆ. ಮತ್ತೆ ಹೆಗಲು, ಮತ್ತೆ ಹಾಲು, ಮತ್ತೆ ಮೊದಲನೇ ನುಡಿ. ನಾಲ್ಕೂವರೆಗೆ ಮೂಲೆಯ ನಂದಿನಿ ಬೂತಿನ ಮುಂದೆ ಹಾಲಿನ ಕ್ರೇಟುಗಳು ದಡದಡ ಬೀಳುತ್ತವೆ. ಅವಳ ಮಂಡಿಯ ಟಕ್ ಸದ್ದಿಗೆ ಒಮ್ಮೊಮ್ಮೆ ನನಗೇ ನಿಜವಾಗಿ ಎಚ್ಚರವಾಗುವುದುಂಟು. ಆ ವೇಳೆಯನ್ನು ನನ್ನ ಹದಿನೈದು ನಿಮಿಷದ ಖಾತೆಗೆ ಬರೆದುಕೊಳ್ಳುತ್ತೇನೆ.

ಇದಕ್ಕೆ ಪುರಾಣದ ಆಧಾರವಿದೆ. ಲಕ್ಷ್ಮಣ ಹದಿನಾಲ್ಕು ವರ್ಷ ಕಾಡಿನಲ್ಲಿ ಕಣ್ಣು ಮುಚ್ಚಲಿಲ್ಲ. ಅವನ ಪಾಲಿನ ನಿದ್ದೆಯನ್ನೂ ಅಯೋಧ್ಯೆಯಲ್ಲಿ ಊರ್ಮಿಳೆ ಮಲಗಿದಳು ಎಂದು ಜನ ಕಥೆ ಹೇಳುತ್ತಾರೆ. ಲೋಕವೆಲ್ಲ ಲಕ್ಷ್ಮಣನನ್ನು ಹೊಗಳಿತು, ಅಷ್ಟೂ ನಿದ್ದೆಯನ್ನು ಒಬ್ಬಳೇ ಹೊತ್ತ ಊರ್ಮಿಳೆಯ ಕಷ್ಟ ಯಾರಿಗೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಲಕ್ಷ್ಮಣನ ಪಾತ್ರ ಹೆಂಡತಿಯದು. ಇನ್ನೊಂದು ಪಾತ್ರಕ್ಕೆ ಯಾರಾದರೂ ಬೇಕಲ್ಲವೆ? ಅವಳ ಪಾಲಿನದನ್ನೂ ಸೇರಿಸಿ ಮಲಗುವುದು ಹೇಳಿದಷ್ಟು ಸುಲಭವಲ್ಲ. ಭಾನುವಾರ ಮಧ್ಯಾಹ್ನ ಕೂಡ ಮಲಗಬೇಕಾಗುತ್ತದೆ.

ಮಗು ಹುಟ್ಟಿದಾಗ ಕಂಪನಿಯವರು ಪಿತೃತ್ವ ರಜೆ ಕೊಟ್ಟಿದ್ದರು. ಕೊಡಲೇಬೇಕೆಂದೇನೂ ಇರಲಿಲ್ಲ. 2017ರ ತಿದ್ದುಪಡಿಯ ನಂತರ ತಾಯಿಗೆ 26 ವಾರದ ರಜೆ ಕಾನೂನಿನಲ್ಲೇ ಇದೆ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ. ಇಲ್ಲೂ ಹದಿನೈದೇ, ಋಷಿಗಳಿಗೆ ಮುಂಚೆಯೇ ಹೊಳೆದ ಸಂಖ್ಯೆಯಿರಬೇಕು. ಖಾಸಗಿ ಕಂಪನಿಯ ತಂದೆಗೆ ಕಾನೂನು ಒಂದು ದಿನವನ್ನೂ ಬರೆದಿಲ್ಲ. ನಾನು ನನ್ನ ರಜೆಯನ್ನು ಪೂರ್ತಿ ತೆಗೆದುಕೊಂಡೆ. ಬಾಣಂತಿಯೂ ಮಗುವೂ ಹಿರಿಯವಳೂ ತಿಪಟೂರಿಗೆ, ತವರಿಗೆ ಹೋಗಿದ್ದರಿಂದ ಮನೆ ಪ್ರಶಾಂತವಾಗಿತ್ತು, ಪಿತೃತ್ವದ ಬಗ್ಗೆ ಆಳವಾಗಿ ಯೋಚಿಸಲು ಅವಕಾಶವಾಯಿತು. ಶನಿವಾರ ರೈಲು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಅಳಿಯಂದಿರ ನಿದ್ದೆ ಕೆಡಬಾರದೆಂದು ಅತ್ತೆಯವರು ಮಹಡಿಯ ಕೋಣೆಯಲ್ಲಿ ಹಾಸಿಗೆ ಹಾಕಿಸುತ್ತಿದ್ದರು. ಕೆಳಗೆ ಬಾಣಂತನದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬಿಸಿನೀರು. ರಾತ್ರಿ ಪಾಳಿಗೆ ಅತ್ತೆ, ಅವರ ತಂಗಿ, ಊರ ಕಡೆಯ ಒಬ್ಬ ಅಜ್ಜಿ. ಒಂದು ಕೂಸಿಗೆ ನಾಲ್ಕು ಹೆಂಗಸರು ಸರದಿಯಲ್ಲಿ ಏಳುತ್ತಿದ್ದರು. ಹಳೆಯ ಕಾಲದ ಈ ದುಂದುವೆಚ್ಚವನ್ನು ನಾವು ಬೆಂಗಳೂರಿನಲ್ಲಿ ನಾಲ್ಕರಿಂದ ಒಂದಕ್ಕೆ ಇಳಿಸಿದ್ದೇವೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಮಾತ್ರ ಒಬ್ಬಾಕೆ ಬೆಳಗ್ಗೆ ಆರೂವರೆಗೆ ಬರುತ್ತಾರೆ, ಕನಕಪುರ ರಸ್ತೆಯ ಕಡೆಯಿಂದ. ಆಕೆಯ ಮನೆಯಲ್ಲೂ ಒಂದು ಕೂಸಿದೆಯಂತೆ. ಅದನ್ನು ಬೆಳಗ್ಗೆ ಯಾರು ಎತ್ತಿಕೊಳ್ಳುತ್ತಾರೆ ಎಂದು ಕೇಳುವುದು ಮರ್ಯಾದೆಯಲ್ಲ.

ನಿದ್ದೆ ಕೆಟ್ಟವರ ಬುದ್ಧಿ ಮಂಕಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೊನ್ನೆ ನನ್ನ ಹೆಂಡತಿ ಫಿಲ್ಟರಿಗೆ ಕಾಫಿಪುಡಿಯ ಬದಲು ಸಾರಿನ ಪುಡಿ ಹಾಕಿ ಬಿಸಿನೀರು ಸುರಿದಳು. ಡಿಕಾಕ್ಷನ್ನಿನ ಬಣ್ಣ ಬಹಳ ಚೆನ್ನಾಗಿ ಬಂದಿತ್ತು. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1997ರಲ್ಲಿ ಅಳೆದು ತೋರಿಸಿದ್ದಾರೆ: ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹಿಡಿತ, ರಕ್ತದಲ್ಲಿ ಶೇಕಡ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡ 0.03. ಲೆಕ್ಕ ಹಾಕಿ. ಬೆಳಗ್ಗೆ ಹಿರಿಯವಳನ್ನು ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡಲು ಹೊರಟ ತಾಯಿ ಒಂದು ಗುಟುಕೂ ಕುಡಿಯದೆ ಮಿತಿ ದಾಟಿರುತ್ತಾಳೆ. ಪೊಲೀಸರು ‘ಊದಿ ಮೇಡಂ’ ಎಂದರೆ ಯಂತ್ರ ಸೊನ್ನೆ ತೋರಿಸುತ್ತದೆ. ಖರ್ಚಿಲ್ಲ, ವಾಸನೆಯಿಲ್ಲ, ದಂಡವಿಲ್ಲ. ಕುಡುಕನ ಬಾಯಲ್ಲಿ ‘ರತ್ನನ ಪದಗಳು’ ಹಾಡಿಸಿದ ಜಿ.ಪಿ. ರಾಜರತ್ನಂ ಅವರೇ ಕನ್ನಡದ ಮಕ್ಕಳಿಗೆ ಅಷ್ಟೊಂದು ಶಿಶುಗೀತೆಗಳನ್ನೂ ಬರೆದರು. ಒಬ್ಬರೇ ಈ ಎರಡನ್ನೂ ಹೇಗೆ ಬರೆದರು ಎಂದು ವಿಮರ್ಶಕರು ಬೆರಗಾಗಬೇಕಿಲ್ಲ. ಎಳೆಕೂಸಿರುವ ಮನೆಗೆ ಬೆಳಗಿನ ಐದಕ್ಕೆ ಬಂದು ನೋಡಿದರೆ ತೊದಲುವವರು ಯಾರು, ತೂರಾಡುವವರು ಯಾರು ಎಂದು ವಿಂಗಡಿಸುವುದೇ ಕಷ್ಟ.

ಜಾಗರಣೆಯ ವಿಶ್ವದಾಖಲೆ ಎಂದು ರ‍್ಯಾಂಡಿ ಗಾರ್ಡನರ್ ಎಂಬ ಅಮೆರಿಕದ ಹುಡುಗನ ಹೆಸರು ಹೇಳುತ್ತಾರೆ. 1963ರ ಕೊನೆಗೆ ಶುರು ಮಾಡಿ 1964ರ ಜನವರಿಯವರೆಗೆ 264 ಗಂಟೆ ಎದ್ದಿದ್ದನಂತೆ. ಪಕ್ಕದಲ್ಲಿ ಗೆಳೆಯರು, ನಾಡಿ ಹಿಡಿಯಲು ನಿದ್ರಾತಜ್ಞರು, ಎಚ್ಚರವಿಡಲು ಆಟಗಳು. ಎಲ್ಲ ಮುಗಿದ ಮೇಲೆ 14 ಗಂಟೆ ಮಲಗಿದ. ಇದು ಸಾಧನೆಯೆ? ನಮ್ಮ ರಸ್ತೆಯ ತಾಯಂದಿರು ದಾಖಲೆ ಮಾಡಿದ ಮೇಲೆ ಸೊಪ್ಪು ಬಿಡಿಸುತ್ತಾರೆ.

ನನ್ನ ಹೆಂಡತಿ ಈಗ ಆಫೀಸಿಗೆ ಮರಳಿದ್ದಾಳೆ. ಇಲ್ಲಿ ಸರ್ಕಾರದ ಉಪಕಾರ ಸ್ಮರಿಸಬೇಕು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯಿತು. 19 ಕಿಲೋಮೀಟರ್, 16 ನಿಲ್ದಾಣ. ಹೊರಗಿನವರು ಅದನ್ನು ಸಾರಿಗೆ ಎಂದುಕೊಂಡಿದ್ದಾರೆ. ಸೀಟು ಸಿಕ್ಕ ದಿನ ಅವಳು ಕಣ್ಣು ಮುಚ್ಚಿದರೆ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹೋಗಿ, ಅಲ್ಲಿ ಯಾರಾದರೂ ಎಬ್ಬಿಸಿದ ಮೇಲೆ ಇನ್ನೊಂದು ರೈಲು ಹತ್ತಿ ಹಿಂದಕ್ಕೆ ಬರುತ್ತಾಳೆ. ಸಾವಿರಾರು ಕೋಟಿ ಸುರಿದು, ಎಸಿ ಹಾಕಿಸಿ, ಪ್ರಜೆಗಳಿಗೆ ಇಂಥ ಶಯನಗೃಹ ಕಟ್ಟಿಸಿದ ಸರ್ಕಾರ ಬೇರೆಲ್ಲಿದೆ? ಸಂಜೆ ಬಂದವಳು ಅದನ್ನು ಹೇಳಿ ನಕ್ಕಳು. ನಗುತ್ತ ನಗುತ್ತ ಅಳು ಬಂತು ಎಂದು ಅಡುಗೆಮನೆಗೆ ಹೋದಳು. ಈರುಳ್ಳಿ ಹೆಚ್ಚುವುದಿತ್ತೇನೋ.

ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ದೂರವೇನಲ್ಲ. ಅಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ, ದೇಶದಲ್ಲೇ ಮೊದಲನೆಯದು. ಬಾಣಂತಿಗೆ ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಡಾಕ್ಟರಿಗೆ ತೋರಿಸಬೇಕು, ನಿದ್ದೆಗೇಡು ಖಿನ್ನತೆಯನ್ನು ಕೆರಳಿಸುತ್ತದೆ ಎನ್ನುತ್ತಾರೆ. ನಾನು ಈ ಮಾತನ್ನು ಮಹಡಿ ಮನೆಯ ಅಜ್ಜಿಯ ಹತ್ತಿರ ಎತ್ತಿದೆ. ‘ಅಯ್ಯೋ, ಎರಡಕ್ಕೇ ಇಷ್ಟೊಂದು ಸಂಭ್ರಮಾನಾ? ನಾನು ಐದು ಹೆತ್ತೆ. ಒಂದಿನ ಅತ್ತೋಳಲ್ಲ’ ಎಂದರು. ಊರಿನಿಂದ ಬಂದಿದ್ದ ಅವರ ತಂಗಿ ಹೂವು ಕಟ್ಟುತ್ತ ಕೂತಿದ್ದವರು ತಲೆ ಎತ್ತದೆ, ‘ಸುಳ್ಳು ಹೇಳ್ಬೇಡ ಕಣೇ ಅಕ್ಕ. ಹಿತ್ತಲ ಬಾವಿಕಟ್ಟೆ ಮೇಲೆ ಕೂತು ಅಳ್ತಿದ್ದೆ. ಬಾವಿಗೆ ಬಿದ್ದೀಯಾಂತ ಅಮ್ಮ ನನ್ನ ಕಾವಲಿಗೆ ಕೂರಿಸ್ತಿದ್ಲು’ ಎಂದರು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ವಯಸ್ಸಾದವರ ಜ್ಞಾಪಕಶಕ್ತಿಯನ್ನು ನೆಚ್ಚುವಂತಿಲ್ಲ. ನಾನು ಕಡಲೆಕಾಯಿ ಪರಿಷೆಯ ವಿಷಯ ತೆಗೆದೆ.

ಪಾರ್ಕಿನ ಹಿರಿಯರ ಬಳಗದವರು ಬರುವ ಭಾನುವಾರ ‘ಆದರ್ಶ ಪಿತೃತ್ವ’ದ ಬಗ್ಗೆ ನಾಲ್ಕು ಮಾತಾಡಲು ಕರೆದಿದ್ದಾರೆ. ಬೆಳಗ್ಗೆ ಏಳಕ್ಕೆ ಇಟ್ಟಿದ್ದರು. ಅಷ್ಟು ಬೇಗ ಏಳುವುದು ನನ್ನಿಂದಾಗದು, ಹತ್ತಕ್ಕೆ ಮಾಡಿ ಎಂದಿದ್ದೇನೆ. ಸಂಸಾರ ಸಮೇತ ಬನ್ನಿ, ತಾಯಿಗೂ ಒಂದು ಶಾಲು ಹೊದಿಸೋಣ ಎಂದರು. ಹೆಂಡತಿಯನ್ನು ಕೇಳಿದೆ. ಶಾಲು ಮನೆಗೇ ಕಳಿಸೋಕೆ ಹೇಳಿ, ನೀವು ಬರುವಾಗ ಆ ಕರೆಗಂಟೆಯ ವೈರು ಕೀಳೋಕೆ ಒಬ್ಬ ಎಲೆಕ್ಟ್ರೀಷಿಯನ್ನನ್ನು ಕರ್ಕೊಂಡು ಬನ್ನಿ ಎಂದಳು. ಚಿಕ್ಕಪ್ಪನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೇನೆ.